ಷರತ್ತು ಇಂಗ್ಲಿಷಿನಲ್ಲಿ, ಹೆಣ ನಮ್ಮ ಅಂಗಳದಲ್ಲಿ

ಬಂದೂಕಿನ ಮಾತು ಬಂತೆಂದರೆ ನಮ್ಮ ಓದಿದವರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ‘ಅದು ಅಮೆರಿಕದ ಕಾಯಿಲೆ. ನಮ್ಮಲ್ಲಿ ಕಾನೂನು ಬಿಗಿಯಾಗಿದೆ. ಪರವಾನಗಿ ಇದ್ದವನಿಗೆ ನಿಯಮ ಗೊತ್ತಿರುತ್ತದೆ, ಇಲ್ಲದವನನ್ನು ಪೊಲೀಸರು ನೋಡಿಕೊಳ್ಳುತ್ತಾರೆ.’ ತಾಲ್ಲೂಕು ಕಚೇರಿಯ ಜಗಲಿಯಿಂದ ಬೆಂಗಳೂರಿನ ವಿಚಾರ ಸಂಕಿರಣದ ತನಕ ಈ ಮಾತಿಗೆ ತಲೆದೂಗುವವರೇ ಎಲ್ಲ. ಕೇಳಲು ಹಿತವಾಗಿದೆ, ಯಾರಿಗೂ ಕೆಲಸ ಹಚ್ಚುವುದಿಲ್ಲ, ಯಾರ ಮೇಲೂ ಹೊಣೆ ಹೊರಿಸುವುದಿಲ್ಲ. ಇಷ್ಟು ಸುಖವಾದ ಮಾತು ನಿಜವಾಗಿರಲು ಸಾಧ್ಯವೇ ಎಂದು ಒಬ್ಬರಾದರೂ ಅನುಮಾನಪಡಬೇಕಿತ್ತು.

ಅನುಮಾನಪಡಲು ಶಿರೂರಿಗೆ ಬನ್ನಿ. 2024ರ ಜುಲೈಯಲ್ಲಿ ಗುಡ್ಡ ಕುಸಿದ ಅಂಕೋಲೆಯ ಶಿರೂರಿಗಲ್ಲ, ಉಡುಪಿ ಅಷ್ಟಮಠದ ಶಿರೂರಿಗೂ ಅಲ್ಲ. ಬೈಂದೂರು ತಾಲ್ಲೂಕಿನ ಬಡಗಣ ತುದಿಯಲ್ಲಿ, ಉಡುಪಿ ಜಿಲ್ಲೆ ಮುಗಿದು ಉತ್ತರ ಕನ್ನಡ ಶುರುವಾಗುವಲ್ಲಿ, ಹೆದ್ದಾರಿಯ ಟೋಲ್‌ಗೇಟು ಇರುವ ಶಿರೂರಿಗೆ. ಪಡುವಣಕ್ಕೆ ಅಳ್ವೆಗದ್ದೆಯ ದೋಣಿಗಳು, ಮೂಡಣಕ್ಕೆ ಕೂಸಳ್ಳಿ ಜಲಪಾತದ ಕಡೆಯ ಕಾಡಂಚು. ಕಡಲ ಬದಿಯವನಿಗೆ ಬಂದೂಕಿನ ಗೊಡವೆ ಇಲ್ಲದಿರಬಹುದು. ಕಾಡಂಚಿನವನ ಕಥೆ ಬೇರೆ. ಗದ್ದೆಗೆ ಹಂದಿ, ಬಾಳೆಗೆ ಮಂಗ, ತೋಟಕ್ಕೆ ಕಾಡುಕೋಣ. ಇಲ್ಲಿಂದ ಕೊಲ್ಲೂರು, ಸಿದ್ದಾಪುರ, ಹೆಬ್ರಿಯವರೆಗೆ ಘಟ್ಟದ ಬುಡದುದ್ದಕ್ಕೂ ಕೃಷಿಕರ ಮನೆಗಳಲ್ಲಿ ಕೋವಿ ಇದೆ. ಅಜ್ಜನ ಕಾಲದ ಕೇಪಿನ ಕೋವಿ ಇದೆ, ಅಪ್ಪ ತಂದ ತೋಟೆಯ ಕೋವಿ ಇದೆ. ಇವು ಕಳ್ಳಸಾಗಣೆಯ ಮಾಲಲ್ಲ. ಸರಕಾರವೇ ಮೊಹರು ಒತ್ತಿ ಕೊಟ್ಟವು.

ಈ ಕೋವಿಯನ್ನು ರೈತನ ಕೈಗೆ ಕೊಡು ಎಂದು ಹೇಳುವುದು ಕಾನೂನೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಗೂ, ರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ ಕೋವಿಗೂ ಪರವಾನಗಿಯ ದಾರಿ ತೆರೆದಿಟ್ಟಿದೆ. ಅಂದರೆ ರೈತ ಕಾನೂನಿನ ಬೆನ್ನ ಹಿಂದೆ ಬಂದೂಕು ಹಿಡಿದವನಲ್ಲ, ಕಾನೂನಿನ ಕೈ ಹಿಡಿದುಕೊಂಡೇ ಹಿಡಿದವನು. ಸರಿ, ಹಾಗಾದರೆ ಆ ಕಾನೂನು ಅವನೊಂದಿಗೆ ಯಾವ ಭಾಷೆಯಲ್ಲಿ ಮಾತಾಡುತ್ತದೆ?

ಕಾಯ್ದೆ ಕೇಂದ್ರದ್ದು. 2016ರ ನಿಯಮಾವಳಿ ದಿಲ್ಲಿಯ ರಾಜ್ಯಪತ್ರದಲ್ಲಿ ಅಚ್ಚಾದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಅರ್ಜಿಯ ನಮೂನೆ, ಪರವಾನಗಿಯ ನಮೂನೆ, ಅದರ ಷರತ್ತು ಎಲ್ಲ ಆ ನಿಯಮಾವಳಿಯ ಬಾಲಂಗೋಚಿಗಳು. ಪರವಾನಗಿ ಪುಸ್ತಕದಲ್ಲಿ ಕೋವಿಯ ಹೆಸರು ಕೂಡ ‘ಎಸ್‌ಬಿಬಿಎಲ್’, ‘ಎಸ್‌ಬಿಎಂಎಲ್’ ಎಂಬ ಅಕ್ಷರಗಳ ಸರಮಾಲೆ. ತನ್ನ ಕಪಾಟಿನಲ್ಲಿರುವ ವಸ್ತುವಿನ ಹೆಸರೇ ಓದಲು ಬಾರದವನು ಅದರ ಷರತ್ತು ಪಾಲಿಸಬೇಕು. ಪಾಲಿಸದಿದ್ದರೆ? ‘ಕಾನೂನು ಗೊತ್ತಿರಲಿಲ್ಲ ಎಂಬುದು ನೆಪವಾಗದು’ ಎಂದು ನ್ಯಾಯಾಲಯ ಹೇಳುತ್ತದೆ. ಗೊತ್ತುಪಡಿಸಲಿಲ್ಲ ಎಂಬುದು ಸರಕಾರಕ್ಕೆ ಮಾತ್ರ ಹೇಗೆ ನೆಪವಾಗುತ್ತದೆ?

1878ರ ಶಸ್ತ್ರ ಕಾಯ್ದೆ ನಮ್ಮನ್ನು ನಂಬದ ಬ್ರಿಟಿಷರು ಬರೆದದ್ದು. ಆಳುವವನಿಗೆ ಅರ್ಥವಾದರೆ ಸಾಕಿತ್ತು, ಆಳಿಸಿಕೊಳ್ಳುವವನಿಗೆ ಅರ್ಥವಾಗಬೇಕಿರಲಿಲ್ಲ. 1959ರದ್ದು ನಮ್ಮದೇ ಸಂಸತ್ತು ಬರೆದದ್ದು. ಈಗಲೂ ಅದೇ ದರ್ಬಾರು ನಡೆಯುತ್ತಿದೆಯಾದರೆ ಬದಲಾದದ್ದು ಏನು, ಮೊಹರಿನ ಮೇಲಿನ ಚಿತ್ರವೇ?

ಅರ್ಥವಾಗದ ಆ ಹಾಳೆಗಳಲ್ಲಿ ಏನಿದೆ ಎಂಬುದನ್ನು ಸ್ವಲ್ಪ ನೋಡೋಣ. ಅಜ್ಜ ತೀರಿಕೊಂಡರು. ಬೊಜ್ಜ ಮುಗಿಯಿತು, ಭೂಮಿ ಪಾಲಾಯಿತು. ಕೋವಿ ಅಟ್ಟದಲ್ಲೇ ಉಳಿಯಿತು. ‘ಅಜ್ಜನ ಕಾಲದ್ದು, ಇರಲಿ’ ಎಂದು ಮನೆಯವರು ಅದನ್ನು ಹಳೆಯ ಕಂಚಿನ ಪಾತ್ರೆಯ ಲೆಕ್ಕಕ್ಕೆ ಸೇರಿಸಿದರು. ಆದರೆ ಪರವಾನಗಿದಾರ ಸತ್ತ ಮೇಲೆ ಆ ಕೋವಿ ಆ ಮನೆಯಲ್ಲಿರುವುದು ಕಾನೂನುಬದ್ಧವಲ್ಲ. 21ನೇ ಕಲಮಿನ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರನಿಗೆ ಬೇಕಿದ್ದರೆ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ಪರವಾನಗಿ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು. ಯಾರನ್ನೂ ಹೆದರಿಸದ, ಯಾರನ್ನೂ ಕೊಲ್ಲದ ಒಂದು ಕುಟುಂಬ ಹೀಗೆ ಅಜ್ಜನ ಹನ್ನೆರಡನೆಯ ದಿನದ ಊಟ ಮುಗಿಸಿ ಏಳುವಷ್ಟರಲ್ಲಿ ಅಪರಾಧಿಯಾಗಿರುತ್ತದೆ. ಸಾವಿನ ಪ್ರಮಾಣಪತ್ರವನ್ನು ಕನ್ನಡದಲ್ಲಿ ಕೊಡುವ ಆಡಳಿತಕ್ಕೆ, ‘ಮನೆಯಲ್ಲಿ ಕೋವಿ ಇದ್ದರೆ ಠಾಣೆಗೆ ತನ್ನಿ’ ಎಂಬ ಒಂದು ಸಾಲನ್ನು ಅದರ ಜೊತೆಗೆ ಕೊಡಲು ಎಷ್ಟು ಶಾಯಿ ಬೇಕು?

ಇನ್ನೊಂದು. ಪಕ್ಕದ ಮನೆಯವರ ಗದ್ದೆಗೆ ಹಂದಿ ನುಗ್ಗುತ್ತಿದೆ. ‘ಇವತ್ತು ಒಂದು ರಾತ್ರಿಗೆ ಕೋವಿ ಕೊಡಿ ಮಾರಾಯ್ರೆ’ ಎನ್ನುತ್ತಾರೆ. ಇಲ್ಲವೆನ್ನಲು ದಾಕ್ಷಿಣ್ಯ. ಕೊಟ್ಟವನೂ ಅಪರಾಧಿ, ಕೊಂಡೊಯ್ದವನೂ ಅಪರಾಧಿ. ಕೊಂಡೊಯ್ದವನ ಕೈಯಲ್ಲಿ ಅದು ಸಿಡಿದು ಯಾರಿಗಾದರೂ ತಾಗಿತೋ, ಎರಡು ಮನೆಗಳು ಮುಗಿದವು. ಮತ್ತೊಂದು. ‘ಬೆಳೆ ರಕ್ಷಣೆಗೆಂದು ಪರವಾನಗಿ ಕೊಟ್ಟಿದ್ದಾರಲ್ಲ, ಹಂದಿ ಹೊಡೆಯಲು ಅಡ್ಡಿಯೇನು?’ ಎಂದೇ ಬಹಳ ಜನ ನಂಬಿದ್ದಾರೆ. ಕೋವಿ ಇಟ್ಟುಕೊಳ್ಳುವ ಅನುಮತಿ ಬೇರೆ, ಕಾಡುಪ್ರಾಣಿ ಕೊಲ್ಲುವ ಅನುಮತಿ ಬೇರೆ. ಮೊದಲನೆಯದು 1959ರ ಕಾಯ್ದೆಯದ್ದು, ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯದ್ದು. ಒಂದನ್ನು ಜಿಲ್ಲಾಧಿಕಾರಿ ಕೊಡುತ್ತಾರೆ, ಇನ್ನೊಂದರ ಮೇಲೆ ಅರಣ್ಯ ಇಲಾಖೆ ಕೂತಿದೆ. ಎರಡು ಇಲಾಖೆಗಳ ನಡುವಿನ ಈ ಕಂದಕವನ್ನು ರೈತನಿಗೆ ತೋರಿಸಿದವರು ಯಾರು? ಬಿದ್ದ ಮೇಲೆ ಎತ್ತಿ ಜೀಪಿಗೆ ಹಾಕುವವರು ಮಾತ್ರ ಇದ್ದಾರೆ.

ಸಿಕ್ಕಿಬೀಳುವುದು ದೊಡ್ಡ ಅನಾಹುತವಲ್ಲ, ಸಾಯುವುದು ದೊಡ್ಡದು. ಕರಾವಳಿ, ಮಲೆನಾಡು, ಕೊಡಗಿನ ಪತ್ರಿಕೆಗಳನ್ನು ಓದುವವರಿಗೆ ಈ ಸುದ್ದಿಯ ಅಚ್ಚು ಬಾಯಿಪಾಠವಾಗಿದೆ: ಹಂದಿ ಎಂದು ಭಾವಿಸಿ ಗುಂಡು, ಜೊತೆಗಾರ ಸಾವು. ಬೇಲಿ ದಾಟುವಾಗ ಕೋವಿಯ ಕುದುರೆ ಬಿದ್ದು ಗಾಯ. ಕೋವಿ ಒರೆಸುವಾಗ ‘ಮಿಸ್‌ಫೈರ್’. ಪ್ರಾಣಿಗಳನ್ನು ಎಬ್ಬಿಸಿ ಅಟ್ಟುವ ಸೋವಿನ ಬೇಟೆಯಲ್ಲಿ ಹಳು ನುಗ್ಗಿದವನೂ ಹೊಂಚುಹಾಕಿ ಮರಸಿಗೆ ಕೂತವನೂ ಒಬ್ಬರನ್ನೊಬ್ಬರು ಕಾಣದ ಕತ್ತಲು. ಸುದ್ದಿಯ ಕೊನೆಗೆ ‘ಆಕಸ್ಮಿಕ’ ಎಂಬ ಮುದ್ರೆ ಬೀಳುತ್ತದೆ. ಊರವರು ‘ಅವನ ಹಣೆಬರಹ’ ಎಂದು ಎದ್ದು ಹೋಗುತ್ತಾರೆ. ಹಣೆಬರಹವಂತೆ! ತುಂಬಿದ ಕೋವಿಯನ್ನು ಗೋಡೆಗೆ ಒರಗಿಸಿಡುವುದು ಬ್ರಹ್ಮ ಬರೆದದ್ದೇ? ಅಲುಗಾಡಿದ ಪೊದೆಗೆ ಗುಂಡು ಹೊಡೆಯುವುದು ಗ್ರಹಚಾರವೇ? ಇವು ತಡೆಯಬಹುದಾದ ಸಾವುಗಳು. ತಡೆಯಬಹುದಾದದ್ದನ್ನು ತಡೆಯದೆ ಬಿಟ್ಟವರಿಗೆ ‘ಹಣೆಬರಹ’ದಷ್ಟು ಅನುಕೂಲದ ಸಿದ್ಧಾಂತ ಇನ್ನೊಂದಿಲ್ಲ. ಅಂದಹಾಗೆ ನ್ಯಾಯಾಲಯ ಹಣೆಬರಹವನ್ನು ಒಪ್ಪುವುದಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು 5 ವರ್ಷದವರೆಗಿನ ಜೈಲು ತೋರಿಸುತ್ತದೆ. ಹಳೆಯ ದಂಡಸಂಹಿತೆಯಲ್ಲಿ ಅದು 2 ವರ್ಷವಿತ್ತು. ಶಿಕ್ಷೆ ಎರಡೂವರೆ ಪಟ್ಟಾಯಿತು. ತಿಳಿವಳಿಕೆ ಎಷ್ಟು ಪಟ್ಟಾಯಿತು?

‘ಎಲ್ಲವನ್ನೂ ಎಲ್ಲ ಭಾಷೆಗೆ ತರಲಾಗುತ್ತದೆಯೇ?’ ಎಂದು ಆಡಳಿತದವರು ಕೈಚೆಲ್ಲುತ್ತಾರೆ. ಆಗುತ್ತದೆ ಸ್ವಾಮಿ. ಶಿರೂರಿನ ಕೃಷಿಕ ಅಂಗಡಿಯಿಂದ ತರುವ ಕೀಟನಾಶಕದ ಡಬ್ಬಿಯನ್ನೇ ನೋಡಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಮೇಲೆ ವಿಷದ ಮಟ್ಟ ತೋರಿಸುವ ಬಣ್ಣದ ಗುರುತು ಇರಬೇಕು. ಕೆಂಪಾದರೆ ಘೋರ ವಿಷ, ಹಸಿರಾದರೆ ಸೌಮ್ಯ. ಜೊತೆಗಿನ ಚೀಟಿಯಲ್ಲಿ ಹೇಗೆ ಬಳಸಬೇಕು, ಮೈಗೆ ತಾಗಿದರೆ ಏನು ಮಾಡಬೇಕು ಎಂಬುದು ಪ್ರಾದೇಶಿಕ ಭಾಷೆಯಲ್ಲೂ ಇರಬೇಕು. ಅಕ್ಷರ ಬಾರದವನಿಗೆ ಬಣ್ಣ, ಅಕ್ಷರ ಬಂದವನಿಗೆ ಅವನ ಭಾಷೆ. ಅಡಿಕೆಗೆ ಹೊಡೆಯುವ ಔಷಧಕ್ಕೆ ಅರ್ಧ ಶತಮಾನದ ಹಿಂದೆಯೇ ಹೊಳೆದ ಈ ವಿವೇಕ, ಅದೇ ತೋಟದಲ್ಲಿ ಹಿಡಿದು ತಿರುಗುವ ಕೋವಿಗೆ ಇನ್ನೂ ಯಾಕೆ ಹೊಳೆಯಲಿಲ್ಲ? ಅಳ್ವೆಗದ್ದೆಯ ಮೀನುಗಾರನಿಗೆ ಗಾಳಿಮಳೆಯ ಮುನ್ನೆಚ್ಚರಿಕೆ ಕನ್ನಡದಲ್ಲಿ ಬರುತ್ತದೆ. ಮಂಗನ ಕಾಯಿಲೆಯ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಕಾಡಂಚಿನ ಮನೆಮನೆಗೆ ಹೋಗಿ ಉಣ್ಣೆಯ ಬಗ್ಗೆ ಕನ್ನಡದಲ್ಲಿ ಹೇಳಿದರು. ಮಾಡಬೇಕೆನಿಸಿದಾಗ ಈ ಸರಕಾರಕ್ಕೆ ಬಾಯಿ ಬರುತ್ತದೆ. ಬಂದೂಕಿನ ವಿಷಯದಲ್ಲಿ ಮಾತ್ರ ನಾಲಿಗೆ ಬಿದ್ದುಹೋಗುತ್ತದೆ.

‘ತರಬೇತಿ ಇದೆಯಲ್ಲ, ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಕೊಡುತ್ತದಲ್ಲ’ ಎಂಬ ಉತ್ತರವೂ ಸಿದ್ಧವಿದೆ. ಇದೆ. ಯಾರಿಗೆ? ಹೊಸದಾಗಿ ಅರ್ಜಿ ಹಾಕುವವನಿಗೆ. ಮೂವತ್ತು ವರ್ಷದ ಹಿಂದೆ ಪರವಾನಗಿ ಪಡೆದ ಮುದುಕರಿಗೆ ಯಾರು ತರಬೇತಿ ಕೊಟ್ಟರು? ಅದಕ್ಕಿಂತ ದೊಡ್ಡ ಪ್ರಶ್ನೆ: ಕೋವಿಯ ಜೊತೆ ಬದುಕುವುದು ಪರವಾನಗಿದಾರ ಒಬ್ಬನೇ ಏನು? ಅದೇ ಕೋಣೆಯಲ್ಲಿ ಮಲಗುವ ಹೆಂಡತಿ, ಕಪಾಟಿನ ಕೀಲಿ ಎಲ್ಲಿದೆಯೆಂದು ಅಪ್ಪನಿಗಿಂತ ಚೆನ್ನಾಗಿ ತಿಳಿದ ಮಗ, ರಾತ್ರಿ ಗದ್ದೆ ಕಾಯುವ ಕೂಲಿಯಾಳು, ರಜೆಗೆ ಬಂದ ಮೊಮ್ಮಕ್ಕಳು, ಇವರಿಗೆಲ್ಲ ಯಾವ ಶಿಬಿರ? ತರಬೇತಿ ಶಿಬಿರ ಗುರಿ ಹೊಡೆಯಲು ಕಲಿಸುತ್ತದೆ. ಮನೆಯಲ್ಲಿ ಕೋವಿ ಇದ್ದಾಗ ತಾಯಿ ಏನು ನೋಡಿಕೊಳ್ಳಬೇಕು ಎಂದು ಕಲಿಸುವವರು ಯಾರು? ಬಂದೂಕಿನ ಮಾಹಿತಿ ಗಂಡಸರ ಖಾಸಗಿ ಸೊತ್ತು ಎಂಬ ಧೋರಣೆಯೇ ಅಪಾಯದ ಮೊದಲ ಮೆಟ್ಟಿಲು.

ನವರಾತ್ರಿಯ ಆಯುಧಪೂಜೆಯ ದಿನ ಕಪಾಟಿನಿಂದ ಕೋವಿ ಹೊರಬರುತ್ತದೆ. ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಆರತಿ ಎತ್ತಿ, ಮಕ್ಕಳ ಕೈಯಲ್ಲಿ ನಮಸ್ಕಾರ ಮಾಡಿಸುತ್ತೇವೆ. ಪೂಜೆಗೆ ಮುಂಚೆ ನಳಿಗೆ ಖಾಲಿ ಇದೆಯೇ ಎಂದು ತೆರೆದು ನೋಡುವವರು ಎಷ್ಟು ಜನ? ಮಂತ್ರ ಗೊತ್ತಿದೆ, ಮುನ್ನೆಚ್ಚರಿಕೆ ಗೊತ್ತಿಲ್ಲ. ಇದಕ್ಕೆ ಭಕ್ತಿಯನ್ನು ಬೈದು ಪ್ರಯೋಜನವಿಲ್ಲ. ಮಂತ್ರವನ್ನು ಕಲಿಸಲು ಯಾರೋ ಮನೆಗೆ ಬಂದಿದ್ದರು, ಮುನ್ನೆಚ್ಚರಿಕೆ ಕಲಿಸಲು ಯಾರೂ ಬರಲಿಲ್ಲ.

ಜನರನ್ನು ತಲುಪುವುದು ಕಷ್ಟ ಎನ್ನುವವರಿಗೆ ಚುನಾವಣೆಯನ್ನು ನೆನಪಿಸಬೇಕು. ಲೋಕಸಭೆ, ವಿಧಾನಸಭೆ ಯಾವುದೇ ಬರಲಿ, ನೀತಿಸಂಹಿತೆ ಜಾರಿಯಾದದ್ದೇ ತಡ, ಕೋವಿಗಳನ್ನು ಠಾಣೆಗೆ ಒಪ್ಪಿಸಿ ಎಂಬ ಆದೇಶ ಹೊರಡುತ್ತದೆ. ಆಗ ಪ್ರತಿಯೊಬ್ಬ ಪರವಾನಗಿದಾರನ ಹೆಸರು, ಊರು, ಫೋನ್ ನಂಬರು ಆಡಳಿತಕ್ಕೆ ಕಂಠಪಾಠ. ಘಟ್ಟದ ಬುಡದ ಒಂಟಿಮನೆಗೂ ಪೊಲೀಸರ ಫೋನ್ ಹೋಗುತ್ತದೆ. ಆ ಫೋನ್ ಅಪ್ಪಟ ಕನ್ನಡದಲ್ಲಿರುತ್ತದೆ. ಬೆಳೆ ಕಾಯಬೇಕಾದ ಹೊತ್ತಿನಲ್ಲಿ ರೈತ ಬಸ್ಸು ಹಿಡಿದು ಕೋವಿ ಹೊತ್ತುಕೊಂಡು ಬೈಂದೂರಿಗೆ ಬರುತ್ತಾನೆ, ರಶೀದಿ ಪಡೆದು ಹಿಂತಿರುಗುತ್ತಾನೆ. ಫಲಿತಾಂಶ ಬಂದ ಮೇಲೆ ಮತ್ತೆ ಬಂದು ಒಯ್ಯುತ್ತಾನೆ. ಕೋವಿಯೂ ಕೋವಿಯವನೂ ಠಾಣೆಯ ಮೇಜಿನ ಮುಂದೆ ಎರಡೆರಡು ಸಲ ನಿಂತಿರುತ್ತಾರೆ. ಆ ಎರಡು ಸಲದಲ್ಲಿ ಒಂದು ಸಲವಾದರೂ ಹತ್ತು ನಿಮಿಷ ಕೂರಿಸಿ, ‘ಇದನ್ನು ಹೀಗೆ ಇಡಿ, ಇದನ್ನು ಹೀಗೆ ಮಾಡಬೇಡಿ’ ಎಂದು ಕನ್ನಡದಲ್ಲಿ ಹೇಳಿ ಒಂದು ಹಾಳೆ ಕೈಗಿಟ್ಟರೆ ಆಗುವ ನಷ್ಟವೇನು? ಮತದಾನ ಶಾಂತವಾಗಿರಲಿ ಎಂದು ರೈತನನ್ನು ಹುಡುಕಿಕೊಂಡು ಹೋಗುವ ರಾಜ್ಯಕ್ಕೆ, ಅವನ ಮನೆ ಶಾಂತವಾಗಿರಲಿ ಎನಿಸುವುದಿಲ್ಲವೇ? ರಾಜಕಾರಣಿಯ ಜೀವದ ಬಗ್ಗೆ ಇರುವ ಕಾಳಜಿ ರೈತನ ಮಗುವಿನ ಬಗ್ಗೆ ಯಾಕಿಲ್ಲ?

ಈಗ ಯಾರೂ ಆಡದ ಮಾತಿಗೆ ಬರೋಣ. ಅಮೆರಿಕವನ್ನು ಬೈಯುವವರು ಅಲ್ಲಿಯ ಒಂದು ಲೆಕ್ಕವನ್ನು ಮಾತ್ರ ನೋಡುವುದಿಲ್ಲ. 2023ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 46,728 ಮಂದಿ. ಅವರಲ್ಲಿ ಸುಮಾರು 27,300 ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಶಾಲೆಗೆ ನುಗ್ಗಿ ಗುಂಡು ಹಾರಿಸಿದವನ ಚಿತ್ರ ಟಿ.ವಿ.ಯಲ್ಲಿ ಬರುತ್ತದೆ. ತನ್ನ ಮನೆಯ ಕೋಣೆಯಲ್ಲಿ ಒಬ್ಬಂಟಿಯಾಗಿ ಸತ್ತವನ ಚಿತ್ರ ಬರುವುದಿಲ್ಲ. ಬಂದೂಕಿನ ಹಿಂಸೆ ಎಂದರೆ ಬರೀ ಪಾತಕಿಗಳ ಕೆಲಸ ಎಂದು ತಿಳಿದವರು ಅರ್ಧಕ್ಕಿಂತ ಹೆಚ್ಚು ಸಾವುಗಳನ್ನು ಲೆಕ್ಕದಿಂದಲೇ ಬಿಟ್ಟಿದ್ದಾರೆ. ನಮ್ಮ ಕೃಷಿಕರ ಮನೆಗಳಲ್ಲಿ ಸಾಲವಿಲ್ಲವೇ, ಕುಡಿತವಿಲ್ಲವೇ, ಕೊಳೆರೋಗಕ್ಕೆ ಹೋದ ಅಡಿಕೆಯ ಚಿಂತೆಯಿಲ್ಲವೇ, ಯಾರಲ್ಲೂ ಹೇಳಿಕೊಳ್ಳಲಾಗದ ಬೇಸರವಿಲ್ಲವೇ? ಮನೆಯಲ್ಲಿ ಒಬ್ಬರ ಮನಸ್ಸು ಕದಡಿದಾಗ, ಆ ಕಾಲ ಕಳೆಯುವ ತನಕ ಕೋವಿಯನ್ನು ಮನೆಯಿಂದ ಹೊರಗಿಡಬೇಕು ಎಂಬ ಸರಳ ಸತ್ಯವನ್ನು ಯಾರು ನಮ್ಮ ಹೆಂಗಸರಿಗೆ ಹೇಳಿದ್ದಾರೆ? ನಿಮ್ಹಾನ್ಸ್ ಮುಂದಾಳುತನದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆ ಐದು ಅಂಕಿಯನ್ನು ಪರವಾನಗಿ ಪುಸ್ತಕದ ಮೊದಲ ಪುಟದಲ್ಲಿ ಅಚ್ಚು ಹಾಕಲು ಯಾವ ಸಂವಿಧಾನ ತಿದ್ದುಪಡಿ ಬೇಕು?

‘ಈಗ ಯಾರಿಗೆ ಇಂಗ್ಲಿಷ್ ಬರುವುದಿಲ್ಲ? ಬರದಿದ್ದರೆ ಮೊಬೈಲಿನಲ್ಲಿ ಅನುವಾದ ಮಾಡಿಕೊಳ್ಳಲಿ, ಮಕ್ಕಳ ಹತ್ತಿರ ಓದಿಸಿಕೊಳ್ಳಲಿ’ ಎಂಬುದು ಪಟ್ಟಣದವರ ಕೊನೆಯ ಅಸ್ತ್ರ. ಇದರ ಕ್ರೌರ್ಯವನ್ನು ಗಮನಿಸಿ. ಮೊಬೈಲು ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಏನು ಕೇಳಬೇಕೆಂದೇ ಗೊತ್ತಿಲ್ಲದವನು ಏನನ್ನು ಕೇಳಲಿ? ಅಜ್ಜನ ಕೋವಿ ಒಪ್ಪಿಸಬೇಕೆಂಬ ಕಲಮು ಇದೆ ಎಂದು ತಿಳಿಯದವನು ಆ ಕಲಮನ್ನು ಹುಡುಕುವುದು ಹೇಗೆ? ಇನ್ನು ಮಕ್ಕಳು. ಹತ್ತನೇ ತರಗತಿಯ ಹುಡುಗಿ ಅಪ್ಪನಿಗೆ ಕೋವಿಯ ಷರತ್ತು ಓದಿ ಹೇಳಬೇಕು, ತಪ್ಪು ಓದಿದರೆ ಅಪ್ಪ ಜೈಲಿಗೆ! 21 ತುಂಬದವರ ಕೈಗೆ ಬಂದೂಕು ಕೊಡಬಾರದು ಎನ್ನುವ ಕಾನೂನು, ತರಬೇತಿಯ ವಿನಾಯಿತಿ ಬಿಟ್ಟರೆ, ಬಿಗಿಯಾಗಿಯೇ ಇದೆ. ಆದರೆ ಅದೇ ಕಾನೂನನ್ನು ಅರ್ಥಮಾಡಿಸುವ ಹೊರೆಯನ್ನು ಹದಿನೈದರ ಮಗುವಿನ ತಲೆಗೆ ಕಟ್ಟಬಹುದಂತೆ.

ಕನ್ನಡದ ಹೆಸರಿನಲ್ಲಿ ಬೀದಿಗಿಳಿಯುವವರನ್ನೂ ಇಲ್ಲಿ ಬಿಡುವಂತಿಲ್ಲ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಾಮಫಲಕಗಳಿಗೆ ಮಸಿ ಬಿತ್ತು, ಗಾಜು ಒಡೆಯಿತು. ಮರುವರ್ಷ ಶೇಕಡಾ 60ರಷ್ಟು ಕನ್ನಡ ಕಡ್ಡಾಯವೆಂಬ ಕಾನೂನು ಬಂತು. ಒಳ್ಳೆಯದು. ಅಂಗಡಿಯ ಹೆಸರು ಕನ್ನಡದಲ್ಲಿಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಕೋವಿಯ ಎಚ್ಚರಿಕೆ ಕನ್ನಡದಲ್ಲಿಲ್ಲದಿದ್ದರೆ ಸಾಯುತ್ತಾರೆ. ಪರವಾನಗಿಯ ಷರತ್ತು ಕನ್ನಡದಲ್ಲಿ ಬೇಕೆಂದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಒಂದು ಧರಣಿ ನಡೆದದ್ದನ್ನು ಕಂಡವರಿದ್ದೀರಾ? ಕನ್ನಡ ಎಂದರೆ ಬೋರ್ಡಿನ ಮೇಲೆ ಹೊಳೆಯುವ ಅಕ್ಷರವಷ್ಟೇ ಆಗಿಬಿಟ್ಟಿದೆ, ಜೀವ ಉಳಿಸುವ ಅಕ್ಷರ ಆಗಿಲ್ಲ. ಕೇಂದ್ರದ ಕಾನೂನುಗಳಿಗೆ ಪ್ರಾದೇಶಿಕ ಭಾಷೆಯಲ್ಲಿ ಅಧಿಕೃತ ಪಾಠ ಒದಗಿಸಲೆಂದೇ 1973ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿದೆ. ದಾರಿ ಇದೆ. ಅಚ್ಚಾದದ್ದು ಕಪಾಟಿನಲ್ಲಿ ಧೂಳು ತಿನ್ನುವಂತಿದ್ದರೆ ಆ ದಾರಿ ಶಿರೂರಿನ ತನಕ ಬಂತೆಂದು ಹೇಳಲಾಗದು. ಜಿಲ್ಲಾಧಿಕಾರಿಗಳ ಕಚೇರಿ ಇರುವ ಮಣಿಪಾಲ ಇಲ್ಲಿಂದ 70 ಕಿಲೋಮೀಟರಿಗೂ ಮಿಕ್ಕಿ ದೂರ. ಮಾಹಿತಿಯೂ ಅಷ್ಟೇ ದೂರದಲ್ಲಿ ನಿಂತಿದೆ.

ಕನ್ನಡ ಒಂದೇ ಸಾಕೇ ಎಂದರೆ ಅದೂ ಸಾಲದು. ಶಿರೂರು ಕುಂದಾಪ್ರ ಕನ್ನಡದ ಊರು, ಕೊಂಕಣಿಯ ಊರು, ಉರ್ದು ಕೇಳಿಬರುವ ಊರು. ಕಚೇರಿಯ ಕನ್ನಡದಲ್ಲಿ ‘ಸದರಿ ಆಯುಧವನ್ನು ಸುರಕ್ಷಿತ ಅಭಿರಕ್ಷೆಯಲ್ಲಿ ಇರಿಸತಕ್ಕದ್ದು’ ಎಂದು ಬರೆದು ಕೈತೊಳೆದುಕೊಂಡರೆ ಅದು ಇಂಗ್ಲಿಷಿಗಿಂತ ಒಂದು ಗೆರೆಯೂ ಹತ್ತಿರವಲ್ಲ. ಕಚೇರಿಯ ಕನ್ನಡ ಕೂಡ ಹಳ್ಳಿಯವನಿಗೆ ಪರಭಾಷೆಯೇ. ಮನೆಯಲ್ಲಿ ಆಡುವ ಮಾತಿನಲ್ಲಿ, ಚಿತ್ರ ಬರೆದು, ದನಿಯಲ್ಲಿ ಹೇಳಿ ತಲುಪಿಸಬೇಕು.

ಕೊಡಗಿನ ಕಥೆ ಇನ್ನೂ ವಿಚಿತ್ರ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ರಾಜ್ಯ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಆ ಪರಂಪರೆಯ ಬಗ್ಗೆ ಇಲ್ಲಿ ತಕರಾರಿಲ್ಲ. ಆದರೆ ಹಕ್ಕನ್ನು ದಿಲ್ಲಿಯಿಂದ ಕೊಡವರ ಐನ್‌ಮನೆಯ ತನಕ ಒಯ್ಯಲು ಬಲ್ಲ ವ್ಯವಸ್ಥೆ, ಎಚ್ಚರಿಕೆಯನ್ನೂ ಅದೇ ಲಕೋಟೆಯಲ್ಲಿ ಯಾಕೆ ಒಯ್ಯಬಾರದು?

ಮತ್ತೆ ಅಮೆರಿಕ. ಮಗಳ ಬಾಣಂತನಕ್ಕೆಂದು ವಿಮಾನ ಹತ್ತುವ ನಮ್ಮೂರ ಅಮ್ಮಂದಿರು ಈಗ ಅಪರೂಪವಲ್ಲ. ಇಂಗ್ಲಿಷು ಅಷ್ಟಕ್ಕಷ್ಟೆ. ಮೊಮ್ಮಗನನ್ನು ಶಾಲೆಯಿಂದ ಕರೆತರುವಾಗ, ಮಾಲ್‌ಗೆ ಹೋದಾಗ ಗುಂಡಿನ ಸದ್ದಾದರೆ ಓಡಬೇಕೋ ಅಡಗಬೇಕೋ ಎಂಬುದು ಅಲ್ಲಿ ಮಕ್ಕಳಿಗೂ ಕಲಿಸುವ ಪಾಠ. ಈ ಅಮ್ಮಂದಿರಂತೆ ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಸರಕಾರಿ ಸೇವೆ ಅರ್ಥವಾಗುವಂತೆ ಸಿಗಬೇಕೆಂದು ಅಧ್ಯಕ್ಷ ಕ್ಲಿಂಟನ್ 2000ದ ಆಗಸ್ಟಿನಲ್ಲಿ ಆದೇಶ ಹೊರಡಿಸಿದ್ದರು. 2025ರ ಮಾರ್ಚ್ 1ರಂದು ಟ್ರಂಪ್ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರಿ ಆ ಆದೇಶವನ್ನು ರದ್ದು ಮಾಡಿದರು. ನಮ್ಮಲ್ಲಿ ಕೆಲವರು ಅದನ್ನು ದುರಹಂಕಾರವೆಂದು ಬೈಯಬಹುದು. ಬೈಯಲಿ. ಆದರೆ ಅಲ್ಲಿ ಕಾಲು ಶತಮಾನ ಇದ್ದು ಹೋದ ವ್ಯವಸ್ಥೆ ನಮ್ಮ ಬಂದೂಕು ಪರವಾನಗಿಯ ಕೋಣೆಯೊಳಗೆ ಒಂದು ದಿನವೂ ಕಾಲಿಟ್ಟದ್ದಿಲ್ಲ. ವಲಸೆ ಬಂದವನಿಗೆ ಅವನ ಭಾಷೆಯಲ್ಲಿ ಹೇಳುವುದಿಲ್ಲ ಎನ್ನುವುದು ಟ್ರಂಪ್‌ನ ಸೊಕ್ಕು ಎಂದಾದರೆ, ಹತ್ತು ತಲೆಮಾರಿನಿಂದ ಇದೇ ಮಣ್ಣಿನಲ್ಲಿರುವವನಿಗೆ ಅವನ ಭಾಷೆಯಲ್ಲಿ ಹೇಳದಿರುವುದಕ್ಕೆ ಏನೆನ್ನೋಣ?

‘ಇಷ್ಟೆಲ್ಲ ಹೇಳಿಕೊಟ್ಟರೆ ಬಂದೂಕಿನ ಮೋಹ ಹೆಚ್ಚುತ್ತದೆ’ ಎಂದು ಹೆದರುವ ಸಾತ್ವಿಕರಿದ್ದಾರೆ. ಮೋಹ ಹೆಚ್ಚಿಸುವುದು ಸಿನಿಮಾ. ನಾಯಕ ಒಂದೇ ಕೈಯಲ್ಲಿ ಬಂದೂಕು ತಿರುಗಿಸುವ ದೃಶ್ಯ ಶುದ್ಧ ಕನ್ನಡದಲ್ಲಿ, ಶಿಳ್ಳೆಯ ಸಮೇತ, ಹಳ್ಳಿಹಳ್ಳಿಯ ಮೊಬೈಲಿಗೆ ಬರುತ್ತದೆ. ಅದಕ್ಕೆ ಭಾಷೆಯ ಅಡ್ಡಿಯಾಗಲಿಲ್ಲ. ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ಗುಂಡಿನ ಮೋಜು ಕನ್ನಡದಲ್ಲಿ, ಅದರ ದಂಡ ಇಂಗ್ಲಿಷಿನಲ್ಲಿ. ಇದು ಯಾರು ಮಾಡಿದ ಹಂಚಿಕೆ?

ಕನ್ನಡದಲ್ಲಿ ಹೇಳಲು ಇದೇನು ಬ್ರಹ್ಮಸೂತ್ರವಲ್ಲ. ಇಲ್ಲೇ ಹೇಳುತ್ತೇನೆ, ಎಷ್ಟು ಸಾಲಾಗುತ್ತದೆ ನೋಡಿ. ಕೋವಿ ಖಾಲಿ ಇದೆ ಎಂದು ಯಾರು ಹೇಳಿದರೂ ತುಂಬಿದೆ ಎಂದೇ ತಿಳಿದು ಹಿಡಿಯಿರಿ. ನಳಿಗೆಯ ಬಾಯಿ ಯಾವತ್ತೂ ಮನುಷ್ಯನ ಕಡೆಗಿರಬಾರದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಎದುರಿಗಿರುವುದು ಏನು, ಅದರ ಹಿಂದೆ ಯಾರಿದ್ದಾರೆ ಎಂದು ಕಣ್ಣಾರೆ ಕಾಣದೆ, ಅಲುಗಾಡಿತೆಂದೋ ಸದ್ದಾಯಿತೆಂದೋ ಗುಂಡು ಹೊಡೆಯಬೇಡಿ. ಮನೆಗೆ ಬರುವ ಮುಂಚೆ ತೋಟೆ ತೆಗೆಯಿರಿ, ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ, ಕೀಲಿ ನಿಮ್ಮ ಹತ್ತಿರ. ಕುಡಿದಾಗ ಮುಟ್ಟಬೇಡಿ. ನೆರೆಯವರಿಗೆ ಎರವಲು ಕೊಡಬೇಡಿ. ಮನೆಯಲ್ಲಿ ಯಾರದಾದರೂ ಮನಸ್ಸು ಸರಿಯಿಲ್ಲದಾಗ ಕೋವಿ ಠಾಣೆಯಲ್ಲಿರಲಿ. ಪರವಾನಗಿ ಇದ್ದವರು ತೀರಿಕೊಂಡರೆ ಕೂಡಲೇ ಒಪ್ಪಿಸಿ. ಮುಗಿಯಿತು. ಒಂದು ಪುಟದ ಒಂದು ಬದಿ. ಇಷ್ಟನ್ನು ಹೇಳಲು ಸ್ವಾತಂತ್ರ್ಯ ಬಂದ ಮೇಲಿನ ಇಷ್ಟು ವರ್ಷವೂ ಸಾಲದಾಯಿತೇ?

ಆದ್ದರಿಂದ ಬೇಡಿಕೆಗಳೂ ನೇರವಾಗಿಯೇ ಇರಲಿ. ಉಡುಪಿ ಜಿಲ್ಲಾಡಳಿತ ಪರವಾನಗಿ ಕೊಡುವಾಗ, ನವೀಕರಿಸುವಾಗ ಈ ಒಂದು ಪುಟವನ್ನು ಆಡುಮಾತಿನಲ್ಲಿ, ಚಿತ್ರಗಳ ಸಮೇತ ಕೊಡಲಿ, ಓದಿ ಹೇಳಿ ಸಹಿ ಪಡೆಯಲಿ. ಪರವಾನಗಿಯ ಅವಧಿ 2019ರಿಂದ 5 ವರ್ಷವಾಗಿದೆ. ಐದು ವರ್ಷಕ್ಕೊಮ್ಮೆ ಒಂದು ತಾಸು ಮನೆಯ ಹೆಂಗಸರನ್ನೂ ಸೇರಿಸಿ ಕೂರಿಸಿ ಮಾತಾಡುವುದು ಆಡಳಿತಕ್ಕೆ ಭಾರವಲ್ಲ. ಚುನಾವಣೆಗೆ ಕೋವಿ ಒಪ್ಪಿಸುವ ದಿನವನ್ನು ಕಲಿಕೆಯ ದಿನವಾಗಿಸಲಿ. ಗ್ರಾಮಸಭೆಯಲ್ಲಿ, ಸಹಕಾರಿ ಸಂಘದ ಮಹಾಸಭೆಯಲ್ಲಿ ವರ್ಷಕ್ಕೊಮ್ಮೆ ಈ ವಿಷಯ ಬರಲಿ. ಅಟ್ಟದಲ್ಲಿ ಕುಳಿತ ಹಳೆಯ ಕೋವಿಗಳನ್ನು ಹೆದರಿಕೆಯಿಲ್ಲದೆ ತಂದೊಪ್ಪಿಸಲು ಸರಕಾರ ಒಂದು ಗಡುವು ಕೊಟ್ಟು, ಒಪ್ಪಿಸಿದವರ ಮೇಲೆ ಮೊಕದ್ದಮೆ ಇಲ್ಲವೆಂದು ಕನ್ನಡದಲ್ಲಿ ಸಾರಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ನಾಮಫಲಕದಿಂದ ಕಣ್ಣು ತೆಗೆದು ಒಮ್ಮೆ ಪರವಾನಗಿ ಪುಸ್ತಕದೊಳಗೆ ಇಣುಕಲಿ.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದು ನಮ್ಮ ಆಡಳಿತದ ಹಳೆಯ ಚಾಳಿ. ಅದು ಬಾಗಿಲು ಹಾಕುವ ತನಕ ಓದುಗರು ಕಾಯಬೇಕಿಲ್ಲ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಕೋವಿ ಇದ್ದರೆ ಇವತ್ತೇ ತೋಟೆ ಬೇರೆ, ಕೋವಿ ಬೇರೆ ಮಾಡಿ ಬೀಗ ಹಾಕಿ. ನಿಮಗೆ ಓದಲು ಬರುತ್ತದೆ, ಪಕ್ಕದ ಮನೆಯವರಿಗೆ ಬಾರದಿದ್ದರೆ ಓದಿ ಹೇಳಿ. ‘ಎಂತದೂ ಆತಿಲ್ಲೆ ಮಾರಾಯ್ರೆ, ಅಜ್ಜನ ಕಾಲದಿಂದ ಇತ್ತು’ ಎಂದು ಅವರು ನಕ್ಕರೆ, ಇನ್ನೊಮ್ಮೆ ಹೇಳಿ. ಆಮೇಲೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅಧಿಕಾರಿಗಳನ್ನು ಒಂದೇ ಪ್ರಶ್ನೆ ಕೇಳಿ: ನಮಗೆ ಬಂದೂಕು ಕೊಟ್ಟಿರಿ, ಅದರ ಎಚ್ಚರಿಕೆಯನ್ನು ನಮಗೆ ತಿಳಿಯುವ ಮಾತಿನಲ್ಲಿ ಯಾವತ್ತು ಕೊಡುತ್ತೀರಿ? ದಿನಾಂಕ ಹೇಳುವ ತನಕ ಕೂರಬೇಡಿ.